ಓಡದ ಫೈಲನ್ನು ಕನ್ವರ್ಟ್ ಮಾಡುವ ಮೊದಲು

ಟಿವಿಯಲ್ಲಿ ಒಂದು ವಿಡಿಯೋ ಓಡಲಿಲ್ಲವೆಂದರೆ ನಮ್ಮ ಮಿತ್ರರಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಅದನ್ನು ಕನ್ವರ್ಟ್ ಮಾಡುವುದು. ಮೊಬೈಲಿನಲ್ಲಿ ಹುಡುಕಿದರೆ ಉಚಿತ ಕನ್ವರ್ಟರ್ ಸೈಟುಗಳು ಸಾಲುಸಾಲಾಗಿ ಸಿಗುತ್ತವೆ. ಫೈಲನ್ನು ಅಲ್ಲಿಗೆ ಅಪ್‌ಲೋಡ್ ಮಾಡುತ್ತಾರೆ, ಅರ್ಧ ಗಂಟೆ ಕಾಯುತ್ತಾರೆ, ಬಂದದ್ದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಜಾಗ ಸಾಲದೆಂದು ಹಳೆಯದನ್ನು ಅಳಿಸಿಬಿಡುತ್ತಾರೆ. ಇಲ್ಲಿ ಅಪ್‌ಲೋಡೂ ತಪ್ಪು, ಕನ್ವರ್ಟೂ ಬಹಳ ಸಲ ಅನಗತ್ಯ, ಅಳಿಸುವುದಂತೂ ಎಲ್ಲಕ್ಕಿಂತ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ರೋಗ ಯಾವುದೆಂದು ನೋಡದೆ ಮದ್ದು ಕೊಟ್ಟ ಹಾಗೆ.

ಈ ಮಾತು ಈಗ ಏಕೆಂದರೆ, ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಕೆಲವರು ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಮೀಡಿಯಾ ಸರ್ವರ್ ಹಾಕಿಕೊಂಡಿದ್ದಾರೆ. ಒಂದು ಹಾರ್ಡ್‌ಡಿಸ್ಕಿನಲ್ಲಿ ಮನೆಯ ವಿಡಿಯೋ, ಫೋಟೋ, ಧ್ವನಿಮುದ್ರಣ ಎಲ್ಲವನ್ನೂ ಇಟ್ಟರೆ, ಮನೆಯ ವೈಫೈಗೆ ಸೇರಿದ ಟಿವಿ, ಮೊಬೈಲ್ ಎಲ್ಲದರಲ್ಲೂ ಅದು ಕಾಣುತ್ತದೆ. ಇಂಟರ್‌ನೆಟ್ ಪ್ಯಾಕ್ ಖರ್ಚಾಗುವುದಿಲ್ಲ. ಹೆಚ್ಚಿನವರು ಬಳಸುವುದು ಜೆಲ್ಲಿಫಿನ್. ಎಂಬಿ ಎಂಬ ಸರ್ವರ್ ತಂತ್ರಾಂಶ ತನ್ನ ಮೂಲ ಸಂಕೇತವನ್ನು ಮುಚ್ಚಿದಾಗ, 2018ರ ಡಿಸೆಂಬರಿನಲ್ಲಿ ಕೆಲವು ಸ್ವಯಂಸೇವಕರು ಅದರ ಮುಕ್ತ ಭಾಗದಿಂದ ಕವಲೊಡೆದು ಕಟ್ಟಿದ್ದು ಇದು. ಪೂರ್ತಿ ಉಚಿತ.

ಅದರೊಳಗೆ ಸಿನಿಮಾ ತುಂಬಿಸುವವರ ವಿಷಯ ನನಗೆ ಬೇಡ. ಸಿನಿಮಾ ಹಾಳಾದರೆ ಇನ್ನೊಂದು ಕಡೆ ಸಿಗುತ್ತದೆ. ನಾನು ಹೇಳುವುದು ಇನ್ನೆಲ್ಲೂ ಸಿಗದ ಫೈಲುಗಳ ಬಗ್ಗೆ. ಚಿಕ್ಕಪ್ಪನ ಮದುವೆಯ ವಿಎಚ್‌ಎಸ್ ಟೇಪನ್ನು ಸ್ಟುಡಿಯೋದವರು ಡಿವಿಡಿ ಮಾಡಿಕೊಟ್ಟಿರುತ್ತಾರೆ. ಗಲ್ಫಿಗೆ ಹೋದ ಹಿರಿಯರು ಪತ್ರದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದ ಕಾಲವೊಂದಿತ್ತು. ಅಂಥ ಕ್ಯಾಸೆಟ್ಟುಗಳು ಇನ್ನೂ ಕೆಲವು ಮನೆಗಳ ಕಪಾಟಿನಲ್ಲಿವೆ. ತೀರಿಕೊಂಡ ಅಜ್ಜನ ಧ್ವನಿ ಜಗತ್ತಿನಲ್ಲಿ ಆ ಒಂದೇ ಕಡೆ ಇರುವುದು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಫಾರ್ಮ್ಯಾಟಿನ ಹೆಸರಿನಲ್ಲಿ ಕೆಡಿಸಿದರೆ ಮತ್ತೆ ಸಿಗುವುದಿಲ್ಲ.

ಮೊದಲು ತಿಳಿಯಬೇಕಾದ್ದು ಡಬ್ಬ ಬೇರೆ, ಒಳಗಿನದು ಬೇರೆ ಎಂಬುದು. ನಮ್ಮ ಅಡುಗೆಮನೆಗಳಲ್ಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಮೆಂತೆ ಇರುತ್ತದೆ, ಬಿಸ್ಕತ್ತಿನ ಡಬ್ಬದೊಳಗೆ ಸೂಜಿ ದಾರ. ಎಂಪಿ4, ಎಂಕೆವಿ, ಎವಿಐ, ಎಂಒವಿ ಇವೆಲ್ಲ ಡಬ್ಬಗಳು, ಅಂದರೆ ಕಂಟೇನರ್. ಒಳಗೆ ಚಿತ್ರವನ್ನು ಯಾವ ವಿಧಾನದಲ್ಲಿ ಒತ್ತಿ ಸಣ್ಣದು ಮಾಡಿದ್ದಾರೆ, ಧ್ವನಿಯನ್ನು ಯಾವುದರಲ್ಲಿ ಎಂಬುದು ಕೋಡೆಕ್. ಎಂಪಿ4 ಡಬ್ಬದೊಳಗೆ 2003ರ ಎಚ್.264 ಇರಬಹುದು, 2013ರ ಎಚ್‌ಇವಿಸಿ ಇರಬಹುದು, 2018ರ ಎವಿ1 ಕೂಡ ಇರಬಹುದು. ಹೊರಗಿನಿಂದ ಮೂರೂ ಒಂದೇ. ಹಳೆಯ ಟಿವಿಗೆ ಮೊದಲನೆಯದು ಮಾತ್ರ ಅರ್ಥವಾಗುತ್ತದೆ. ಹಾಗಾಗಿ ‘ಎಂಪಿ4 ಆದರೂ ಓಡುತ್ತಿಲ್ಲ’ ಎಂಬ ದೂರಿಗೆ ಅರ್ಥವಿಲ್ಲ. ಫೈಲಿನ ಹೆಸರಿನ ಕೊನೆಯ ಮೂರಕ್ಷರ ಬದಲಿಸಿ ‘ಕನ್ವರ್ಟ್ ಮಾಡಿದೆ’ ಎನ್ನುವವರೂ ಇದ್ದಾರೆ. ಅದು ಬಾಟಲಿಯ ಲೇಬಲ್ ಬದಲಿಸಿ ಮೆಂತೆ ಹಾರ್ಲಿಕ್ಸ್ ಆಯಿತೆಂದ ಹಾಗೆ.

ಒಳಗೇನಿದೆ ಎಂದು ನೋಡಲು ಒಂದು ನಿಮಿಷ ಸಾಕು. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಎಲ್ಲವನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ಅದಿಲ್ಲದಿದ್ದರೆ ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲೇ ಕೋಡೆಕ್ ಮಾಹಿತಿ ಇದೆ. (ವಿಎಲ್‌ಸಿ ಹುಟ್ಟಿದ್ದು 1996ರಲ್ಲಿ ಪ್ಯಾರಿಸಿನ ಒಂದು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ. ನಮ್ಮ ಪ್ರಾಜೆಕ್ಟ್ ಫೈಲುಗಳನ್ನು ಸ್ಪೈರಲ್ ಬೈಂಡಿಂಗ್‌ನಲ್ಲೇ ಬಿಡುವ ನಾವು ಇದನ್ನು ಸ್ವಲ್ಪ ಯೋಚಿಸಬಹುದು.) ಲ್ಯಾಪ್‌ಟಾಪಿನ ವಿಎಲ್‌ಸಿಯಲ್ಲಿ ಕೊನೆಯವರೆಗೂ ಓಡಿದರೆ ಫೈಲು ಹೆಚ್ಚಾಗಿ ಸರಿಯಾಗಿಯೇ ಇದೆ, ತೊಂದರೆ ನೋಡುವ ಸಾಧನದ್ದು.

ಆ ತೊಂದರೆಯನ್ನು ಸರ್ವರ್ ತಾನೇ ನಿಭಾಯಿಸಲು ನೋಡುತ್ತದೆ. ಟಿವಿಗೆ ಎಲ್ಲವೂ ಅರ್ಥವಾಗುವುದಾದರೆ ಫೈಲನ್ನು ಇದ್ದ ಹಾಗೇ ಕಳಿಸುತ್ತದೆ. ಇದು ಡೈರೆಕ್ಟ್ ಪ್ಲೇ. ಡಬ್ಬ ಮಾತ್ರ ಹಿಡಿಸದಿದ್ದರೆ ಒಳಗಿನದನ್ನು ಮುಟ್ಟದೆ ಬೇರೆ ಡಬ್ಬಕ್ಕೆ ಸುರಿಯುತ್ತದೆ. ಇದು ರೀಮಕ್ಸ್, ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಕೋಡೆಕ್ಕೇ ಹಿಡಿಸದಿದ್ದರೆ ಬಿಚ್ಚಿ, ಮತ್ತೆ ಒತ್ತಿ ಕಳಿಸಬೇಕು. ಇದು ಟ್ರಾನ್ಸ್‌ಕೋಡ್. ಫ್ಯಾನ್ ಜೋರಾಗಿ ತಿರುಗುವುದು, ವಿಡಿಯೋ ನಿಂತು ನಿಂತು ಬರುವುದು ಹೆಚ್ಚಾಗಿ ಈ ಮೂರನೆಯದರಲ್ಲೇ. ಏಕೆ ಹೀಗಾಗುತ್ತಿದೆ ಎಂಬುದನ್ನು ಜೆಲ್ಲಿಫಿನ್ ಮುಚ್ಚಿಡುವುದಿಲ್ಲ. ವಿಡಿಯೋ ಓಡುವಾಗ ಹಲ್ಲುಚಕ್ರದ ಗುರುತನ್ನು ಒತ್ತಿ ಪ್ಲೇಬ್ಯಾಕ್ ಇನ್ಫೋ ನೋಡಿದರೆ, ವಿಡಿಯೋ ಕೋಡೆಕ್ ಬೆಂಬಲವಿಲ್ಲ, ಆಡಿಯೋ ಕೋಡೆಕ್ ಬೆಂಬಲವಿಲ್ಲ ಎಂದು ಕಾರಣವನ್ನೇ ಬರೆದಿರುತ್ತದೆ. ಅದನ್ನು ಓದದೆ ಎರಡು ಜಿಬಿ ಫೈಲನ್ನು ಕನ್ವರ್ಟ್ ಮಾಡಲು ಕೂರುವುದು, ರಕ್ತಪರೀಕ್ಷೆಯ ಚೀಟಿ ಜೇಬಿನಲ್ಲಿಟ್ಟುಕೊಂಡೇ ಔಷಧಿ ಅಂಗಡಿಯಲ್ಲಿ ಏನಾದರೂ ಕೊಡಿ ಎಂದ ಹಾಗೆ.

ಉದಾಹರಣೆಗೆ ಚಿತ್ರ ಬರುತ್ತದೆ, ಧ್ವನಿ ಇಲ್ಲ. ಹೆಚ್ಚಾಗಿ ಧ್ವನಿ ಡಿಟಿಎಸ್ ರೂಪದಲ್ಲಿರುತ್ತದೆ. ಸ್ಯಾಮ್‌ಸಂಗ್ ತನ್ನ ಟಿವಿಗಳಲ್ಲಿ ಡಿಟಿಎಸ್ ಬೆಂಬಲವನ್ನು 2018ರ ಮಾದರಿಗಳಿಂದ ಕೈಬಿಟ್ಟಿತು. ಇಲ್ಲಿ ಧ್ವನಿಯನ್ನಷ್ಟೇ ಎಎಸಿಗೆ ಬದಲಿಸಿದರೆ ಮುಗಿಯಿತು, ಚಿತ್ರವನ್ನು ಮುಟ್ಟಬೇಕಿಲ್ಲ. ಧ್ವನಿ ಬರುತ್ತದೆ, ಚಿತ್ರ ಕಪ್ಪು ಎಂದರೆ ಎಚ್‌ಇವಿಸಿಯನ್ನು ಅನುಮಾನಿಸಿ. ಐಫೋನುಗಳು 2017ರ ಐಒಎಸ್ 11ರಿಂದ ಈ ರೂಪದಲ್ಲೇ ಮುದ್ರಿಸುತ್ತವೆ. ದುಬೈಯಿಂದ ಮಾಮ ಕಳಿಸಿದ ವಿಡಿಯೋ ಅವರ ಫೋನಿನಲ್ಲಿ ಚೆನ್ನಾಗಿದ್ದು ನಮ್ಮ ಟಿವಿಯಲ್ಲಿ ಕಪ್ಪಾಗಲು ಇದೇ ಕಾರಣವಿರಬಹುದು. ಸರ್ವರಿನ ಪ್ರೊಸೆಸರ್ ಇಂಟೆಲ್‌ನ 6ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿದ್ದರೆ ಎಚ್‌ಇವಿಸಿ ಬಿಚ್ಚುವ ಯಂತ್ರಾಂಶ ಅದರೊಳಗೇ ಇದೆ. ಜೆಲ್ಲಿಫಿನ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆನ್ ಮಾಡಿದರೆ ಎಷ್ಟೋ ಸಲ ಗೊಣಗಾಟ ನಿಲ್ಲುತ್ತದೆ. ಒಂದು ಫೈಲನ್ನೂ ಬದಲಿಸಬೇಕಾಗುವುದಿಲ್ಲ.

ಮದುವೆ ಡಿವಿಡಿಗಳ ಕತೆ ಬೇರೆ. ಡಿಸ್ಕ್ ತೆರೆದರೆ ವಿಒಬಿ ಫೈಲುಗಳು, ಒಂದೊಂದೂ ಹೆಚ್ಚೆಂದರೆ ಒಂದು ಜಿಬಿ. ಒಂದೇ ವಿಡಿಯೋವನ್ನು ಹೀಗೆ ತುಂಡು ಮಾಡಿಡುವುದು ಡಿವಿಡಿಯ ನಿಯಮ. ಇದು ಗೊತ್ತಿಲ್ಲದವರು ಮೊದಲ ತುಂಡನ್ನಷ್ಟೇ ನಕಲು ಮಾಡಿಕೊಳ್ಳುತ್ತಾರೆ, ಊಟದ ಪಂಕ್ತಿ ಬರುವ ಮೊದಲೇ ಮದುವೆ ಮುಗಿಯುತ್ತದೆ! ಮೇಕ್‌ಎಂಕೆವಿ ಎಂಬ ತಂತ್ರಾಂಶ ಡಿವಿಡಿಗಳಿಗೆ ಉಚಿತ. ತುಂಡುಗಳನ್ನೆಲ್ಲ ಜೋಡಿಸಿ, ಗುಣಮಟ್ಟ ಒಂದಿಷ್ಟೂ ಕಳೆಯದೆ, ಒಂದೇ ಎಂಕೆವಿ ಡಬ್ಬಕ್ಕೆ ಹಾಕಿಕೊಡುತ್ತದೆ. ಸ್ಟುಡಿಯೋದಲ್ಲಿ ಬರೆದ ಡಿಸ್ಕುಗಳು ಕಾಲಕ್ರಮೇಣ ಓದಲಾಗದೆ ಹೋಗುತ್ತವೆ. ಈ ಕೆಲಸವನ್ನು ಪರೀಕ್ಷೆ ಮುಗಿದ ಮೇಲೆ ಎಂದು ಮುಂದೂಡದಿದ್ದರೆ ಒಳ್ಳೆಯದು.

ಸರ್ವರಿಗೆ ಸೇರಿಸುವಾಗ ಒಂದು ಚಿಕ್ಕ ಎಚ್ಚರ. ಲೈಬ್ರರಿಯ ಬಗೆ ಕೇಳಿದಾಗ ಸಿನಿಮಾ ಎಂದು ಕೊಡದೆ ಮನೆಯ ವಿಡಿಯೋ ಮತ್ತು ಫೋಟೋ ಎಂದು ಕೊಡಿ. ಇಲ್ಲವಾದರೆ ಅದು ಹೆಸರು ನೋಡಿ ಇಂಟರ್‌ನೆಟ್ಟಿನಿಂದ ಪೋಸ್ಟರ್ ತರುತ್ತದೆ. ‘ನಿಕಾಹ್’ ಎಂದು ಹೆಸರಿಟ್ಟ ಅಕ್ಕನ ಮದುವೆಗೆ 1982ರ ಬಿ.ಆರ್. ಚೋಪ್ರಾ ಸಿನಿಮಾದ ಪೋಸ್ಟರ್ ಅಂಟಿಕೊಂಡರೆ ಬಾವ ಏನೆಂದುಕೊಂಡಾರು?

ಕನ್ನಡದ್ದೇ ಆದ ತೊಡಕೂ ಒಂದಿದೆ. ಅಜ್ಜಿಯ ಬ್ಯಾರಿ ಮಾತು ಬೆಂಗಳೂರಿನಲ್ಲಿ ಬೆಳೆದ ಮಕ್ಕಳಿಗೆ ತಿಳಿಯಲೆಂದು ಕನ್ನಡದಲ್ಲಿ ಸಬ್‌ಟೈಟಲ್ ಬರೆಸಿದರೆನ್ನಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿಕೊಟ್ಟರೆ ಟಿವಿಯಲ್ಲಿ ಕನ್ನಡದ ಬದಲು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳು ಬರುತ್ತವೆ. ಏಕೆಂದರೆ ಆ ವಿಧಾನದಲ್ಲಿ ಉಳಿಯುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡದಂತೆ ತೋರಿಸುವುದು ಫಾಂಟ್ ಮಾತ್ರ. ಇಲ್ಲಿ ಮಾತ್ರ ಕನ್ವರ್ಟ್ ಮಾಡಲೇಬೇಕು, ಯೂನಿಕೋಡಿಗೆ. ಅಕ್ಷರದ ಬದಲು ಖಾಲಿ ಚೌಕಗಳು ಕಂಡರೆ ಅದು ಬೇರೆ ರೋಗ. ಪಠ್ಯ ಸರಿಯಿದೆ, ಕನ್ನಡ ಫಾಂಟ್ ಸಿಗುತ್ತಿಲ್ಲ. ಜೆಲ್ಲಿಫಿನ್ ಸೆಟ್ಟಿಂಗ್ಸಿನಲ್ಲಿ ಬದಲಿ ಫಾಂಟಿಗೆ ಜಾಗವಿದೆ, ನೋಟೋ ಸಾನ್ಸ್ ಕನ್ನಡವನ್ನು ಅಲ್ಲಿಟ್ಟು ನೋಡಿ.

ಇನ್ನು ಅಪ್‌ಲೋಡಿನ ಮಾತು. ಮೆಹಂದಿಯ ದಿನ ಹೆಂಗಸರ ನಡುವೆ, ಹೆಂಗಸರೇ ತೆಗೆದ ವಿಡಿಯೋವನ್ನು ಹೆಸರೂರು ಗೊತ್ತಿಲ್ಲದ ಸೈಟಿಗೆ ಕಳಿಸಿಕೊಟ್ಟು, ಕೆಲಸವಾದ ಮೇಲೆ ಅಳಿಸುತ್ತೇವೆ ಎಂಬ ಅವರ ಒಂದು ಸಾಲನ್ನು ನಂಬುವುದು ಹೇಗೆ? ಆ ವಿಡಿಯೋದಲ್ಲಿರುವ ಚಿಕ್ಕಮ್ಮ, ಅತ್ತಿಗೆ, ನೆರೆಮನೆಯವರು ಯಾರೂ ಅದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಬದಲಿಸಲೇಬೇಕಿದ್ದರೆ ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಎರಡೂ ನಮ್ಮದೇ ಕಂಪ್ಯೂಟರಿನಲ್ಲಿ, ಇಂಟರ್‌ನೆಟ್ ಇಲ್ಲದೆಯೇ ಕೆಲಸ ಮಾಡುತ್ತವೆ. ಎರಡೂ ಉಚಿತ. ಫೈಲು ಮನೆಯ ಹೊಸಿಲು ದಾಟುವುದಿಲ್ಲ.

ಇಷ್ಟೆಲ್ಲ ಏಕೆ, ಎಲ್ಲವನ್ನೂ ಒಮ್ಮೆ ಎಚ್.264 ಮತ್ತು ಎಎಸಿ ಇರುವ ಎಂಪಿ4 ಮಾಡಿಬಿಟ್ಟರೆ ಎಲ್ಲ ಕಡೆ ಓಡುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಓಡುತ್ತದೆ, ನಿಜ. ಸರ್ವರ್ ತೀರ ಹಳೆಯದಾಗಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದು ನೋಡಲು ಮಾಡಿಕೊಂಡ ನಕಲು, ಮೂಲವಲ್ಲ. ಒತ್ತಿದ್ದನ್ನು ಮತ್ತೆ ಒತ್ತಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕಳೆಯುತ್ತದೆ, ಜೆರಾಕ್ಸಿನ ಜೆರಾಕ್ಸಿನ ಹಾಗೆ. ವಿಎಚ್‌ಎಸ್ಸಿನಿಂದ ಬಂದ ಚಿತ್ರದಲ್ಲಿ ಕಳೆದುಕೊಳ್ಳಲು ಉಳಿದಿರುವುದೇ ಕಡಿಮೆ. ಕ್ಯಾಸೆಟ್ಟಿನ ಧ್ವನಿಗೂ ಇದೇ ಮಾತು: 60 ನಿಮಿಷದ ಕ್ಯಾಸೆಟ್ ವೇವ್ ರೂಪದಲ್ಲಿ ಸುಮಾರು 600 ಎಂಬಿ ಆಗುತ್ತದೆ, ಎಫ್‌ಎಲ್‌ಎಸಿ ರೂಪದಲ್ಲಿ ಏನೂ ಕಳೆಯದೆ ಅದಕ್ಕಿಂತ ಚಿಕ್ಕದಾಗುತ್ತದೆ. ಅದನ್ನು ಮೂಲವಾಗಿ ಇಟ್ಟುಕೊಂಡು ಕೇಳಲು ಎಂಪಿ3 ಮಾಡಿಕೊಳ್ಳಿ.

ನಮ್ಮ ಕಾಲೇಜಿಗೂ ಇದು ಸಂಬಂಧಿಸಿದ್ದೇ. ಉಪನ್ಯಾಸಕರು ಫೋನಿನಲ್ಲಿ ಮುದ್ರಿಸಿದ ಪಾಠಗಳು ಲ್ಯಾಬಿನ ಕಂಪ್ಯೂಟರಿನಲ್ಲಿವೆ, ಒಂದೊಂದು ಒಂದೊಂದು ರೂಪದಲ್ಲಿ. ಕೆಲವು ಅಲ್ಲಿ ತೆರೆಯುವುದೇ ಇಲ್ಲ. ಐಫೋನ್ ಬಳಸುವ ಉಪನ್ಯಾಸಕರು ಕ್ಯಾಮೆರಾ ಸೆಟ್ಟಿಂಗ್ಸಿನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಎಂಬುದನ್ನು ಆರಿಸಿಕೊಂಡರೆ ಮುಂದಿನ ಪಾಠಗಳು ಎಚ್.264ರಲ್ಲೇ ಬರುತ್ತವೆ. ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಇಂಥದೇ ಆಯ್ಕೆ ಇದೆ. ಲ್ಯಾಬಿನಲ್ಲಿ ಉಳಿದಿರುವ ಒಂದು ಹಳೆಯ ಯಂತ್ರಕ್ಕೆ ಜೆಲ್ಲಿಫಿನ್ ಹಾಕಿ, ಈಗಿರುವ ಪಾಠಗಳನ್ನೆಲ್ಲ ಅದಕ್ಕೆ ಸೇರಿಸಲು ಅನುಮತಿ ಕೊಟ್ಟರೆ, ಶನಿವಾರ ಮಧ್ಯಾಹ್ನ ಕೂತು ಕೆಲಸ ಮಾಡಲು ನಮ್ಮ ತರಗತಿಯ ಕೆಲವರು ಸಿದ್ಧರಿದ್ದೇವೆ.

ಮುದ್ರಿಸುವಾಗಲೇ ಬ್ಯಾಟರಿ ಮುಗಿದು ಅರ್ಧಕ್ಕೆ ನಿಂತ ಪಾಠಗಳನ್ನು ದಯವಿಟ್ಟು ಯಾರೂ ಅಳಿಸಬೇಡಿ. ಎಂಪಿ4 ಫೈಲಿನ ಸೂಚಿಯನ್ನು ಫೋನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅದು ಬರೆಯುವ ಮೊದಲೇ ಫೋನು ಆರಿದರೆ ಪಾಠ ಒಳಗಿದ್ದರೂ ಫೈಲು ತೆರೆಯುವುದಿಲ್ಲ, ಯಾವ ಕನ್ವರ್ಟರೂ ಅದನ್ನು ಸ್ವೀಕರಿಸುವುದಿಲ್ಲ. ಅದೇ ಫೋನಿನಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಸರಿಯಾದ ಇನ್ನೊಂದು ವಿಡಿಯೋ ಇದ್ದರೆ, ಅದನ್ನು ಮಾದರಿಯಾಗಿಟ್ಟುಕೊಂಡು ಸೂಚಿಯನ್ನು ಮತ್ತೆ ಕಟ್ಟಲು ಅನ್‌ಟ್ರಂಕ್ ಎಂಬ ಉಚಿತ ಸಾಧನವಿದೆ. ಪ್ರತಿ ಸಲ ಗೆಲ್ಲುತ್ತದೆ ಎನ್ನಲಾರೆ. ಅಂಥ ಫೈಲುಗಳಿದ್ದರೆ ಎರಡನ್ನೂ ಒಟ್ಟಿಗೆ ಪೆನ್‌ಡ್ರೈವಿನಲ್ಲಿ ಲ್ಯಾಬಿಗೆ ತಂದುಕೊಡಿ.