ಎಣಿಸುವ ಮುನ್ನ ಕೇಳಬೇಕಾದ ಮಾತು

ರಾಜ್ಯವು ತನ್ನ ಪ್ರಜೆಗಳನ್ನು ಎಣಿಸುವುದು ಪುರಾತನ ಪದ್ಧತಿ. ಮೈಸೂರು ಸೀಮೆಯ ಹಿರಿಯರು ಇದನ್ನು ಖಾನೇಸುಮಾರಿ ಎಂದರು; ನಿಜಾಮರ ಆಳಿಕೆಗೆ ಒಳಪಟ್ಟಿದ್ದ ಕಲಬುರಗಿಯವರು ಮರ್ದುಮಶುಮಾರಿ ಎಂದರು; ಈಗ ಎಲ್ಲರೂ ಜನಗಣತಿ ಎನ್ನುತ್ತಾರೆ. ಹೈದರಾಬಾದು ಸಂಸ್ಥಾನದಲ್ಲಿ 1881ರಲ್ಲಿ ಮೊದಲ ಗಣತಿ ನಡೆದ ಮೇಲೆ ಅರಸೊತ್ತಿಗೆ ಅಳಿದು ಪ್ರಜಾಪ್ರಭುತ್ವವು ಬಂದಿತು. ಆದರೂ ಒಂದು ಸಂಗತಿ ಮಾತ್ರ ಕದಲಿಲ್ಲ. ಪ್ರಶ್ನೆ ಕೇಳುವವರು ಸರ್ಕಾರದವರು, ಉತ್ತರ ಹೇಳುವವರು ಪ್ರಜೆಗಳು. ಯಾವ ಪ್ರಶ್ನೆಯನ್ನು ಕೇಳತಕ್ಕದ್ದೆಂಬುದನ್ನು ಪ್ರಜೆಗಳೊಡನೆ ವಿಚಾರಿಸುವವರು ಇಲ್ಲ.

ಇದು ಅತಿಶಯೋಕ್ತಿಯಲ್ಲ. 1948ರ ಜನಗಣತಿ ಅಧಿನಿಯಮದ 8ನೆಯ ಪ್ರಕರಣದ ಪ್ರಕಾರ ಕೇಂದ್ರ ಸರ್ಕಾರವು ಪ್ರಶ್ನೆಗಳನ್ನು ಗೊತ್ತುಮಾಡಿ ರಾಜಪತ್ರದಲ್ಲಿ ಪ್ರಕಟಿಸಿದರೆ ಸಾಕು. ಕೇಳಲ್ಪಟ್ಟವನು ತಿಳಿದಮಟ್ಟಿಗೆ ಉತ್ತರ ಹೇಳಲು ಬದ್ಧನಾಗುತ್ತಾನೆ. ನಿರಾಕರಿಸಿದರೆ ದಂಡವೂ ಉಂಟು. ಪ್ರಕಟಣೆಯು ನಿಶ್ಚಯವಾದ ಮೇಲಿನ ಮಾತು, ನಿಶ್ಚಯಕ್ಕೆ ಮುಂಚಿನದಲ್ಲ. ಗಣತಿಗೆ ಮೊದಲು ಅಂಕಿಗಳನ್ನು ಬಳಸುವವರ ಸಮ್ಮೇಳನವೊಂದು ದೆಹಲಿಯಲ್ಲಿ ಕೂಡುವುದುಂಟು. ಅಲ್ಲಿ ಇಲಾಖೆಯವರು ಬರುತ್ತಾರೆ, ವಿದ್ವಾಂಸರು ಬರುತ್ತಾರೆ. ಅಂಕಿಗಳನ್ನು ಬಳಸುವವರಿಗೆ ಆಸನವುಂಟು; ಅಂಕಿಗಳಾಗಿ ಬಳಕೆಯಾಗುವವರಿಗೆ ಇಲ್ಲ!

ಇದರಿಂದ ಆಗುವ ಹಾನಿಯೇನೆಂದು ಕೇಳುವವರು ಕಲಬುರಗಿಯಿಂದ ಹುಮನಾಬಾದ ಮಾರ್ಗವಾಗಿ ಕಮಲಾಪುರಕ್ಕೆ ಹೋಗಿ ನೋಡಬೇಕು. ಕೆಂಪು ಬಾಳೆಗೆ ಹೆಸರಾದ ಈ ಊರು 2011ರ ಗಣತಿಯ ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿರಲಿಲ್ಲ. ಅಂದು ಜಿಲ್ಲೆಯಲ್ಲಿದ್ದ ತಾಲ್ಲೂಕುಗಳು 7. ಇಂದು ಕಮಲಾಪುರ, ಕಾಳಗಿ, ಶಹಾಬಾದ, ಯಡ್ರಾಮಿಗಳು ಕೂಡಿ 11. ಹಳೆಯ ಪಟ್ಟಿಗಳಲ್ಲಿ ಕಮಲಾಪುರದ ಹಳ್ಳಿಗಳು ಕಲಬುರಗಿ ತಾಲ್ಲೂಕಿನೊಳಗೆ, 5 ಲಕ್ಷಕ್ಕೆ ಮಿಕ್ಕಿದ ಜನರಿದ್ದ ನಗರದೊಡನೆ, ಒಂದೇ ಸರಾಸರಿಯಲ್ಲಿ ಸೇರಿಹೋಗಿವೆ. ನಗರದ ಶಾಲೆ, ನಗರದ ನಲ್ಲಿ, ನಗರದ ಆಸ್ಪತ್ರೆಗಳ ಸೌಭಾಗ್ಯವು ಹಳ್ಳಿಯ ದಾರಿದ್ರ್ಯಕ್ಕೆ ಮುಸುಕಾಯಿತು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯದೆ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಗೊತ್ತುಮಾಡಿದ್ದರಿಂದ, ಹೊಸ ತಾಲ್ಲೂಕು ತನ್ನ ಮುಖವನ್ನು ಕಾಣಲು ಹತ್ತು ವರ್ಷಗಳಿಗೆ ಸಮೀಪವಾಗಿ ಕಾಯಬೇಕಾಯಿತು.

ಇನ್ನು ಭಾಷೆಯ ವಿಷಯ. ಕಮಲಾಪುರದ ಸುತ್ತಿನ ತಾಂಡಾಗಳಲ್ಲಿ ಲಂಬಾಣಿಗರು ನೆಲಸಿರುವುದನ್ನು ಅರಿಯದವರಿಲ್ಲ. ಮನೆಯ ಯಜಮಾನನು ಮಾತೃಭಾಷೆ ಲಂಬಾಣಿ ಎಂದು ಹೇಳುತ್ತಾನೆ. ಗಣತಿದಾರನು ಹಾಗೆಯೇ ಬರೆದುಕೊಳ್ಳುತ್ತಾನೆ. ಆದರೆ 2011ರ ಭಾಷಾಪಟ್ಟಿಯಲ್ಲಿ ಹಾಗೆ ಹೇಳಿದ ದೇಶದ 32 ಲಕ್ಷಕ್ಕೂ ಮಿಕ್ಕಿದ ಜನರನ್ನು, 50ಕ್ಕೂ ಹೆಚ್ಚು ಬೇರೆ ನುಡಿಗಳವರ ಜೊತೆಗೆ, ಹಿಂದಿ ಎಂಬ ಶೀರ್ಷಿಕೆಯ ಕೆಳಗೆ ಕೂಡಿಸಲಾಗಿದೆ. ಕನ್ನಡದ ನಡುವೆ ಬೆಳೆದು, ಕನ್ನಡ ಶಾಲೆಯಲ್ಲಿ ಓದಿ, ಒಲೆಯ ಮುಂದೆ ಲಂಬಾಣಿ ನುಡಿಯುವ ತಾಯಿಯು ಹಿಂದಿಯವಳೆಂದು ಎಣಿಕೆಯಾದದ್ದು ಯಾರ ಒಪ್ಪಿಗೆಯಿಂದ? ಈ ವಿಂಗಡಣೆಯ ಕರಡನ್ನು ತಾಂಡಾದ ಕಟ್ಟೆಯ ಮೇಲೆ ಒಮ್ಮೆ ಓದಿ ಹೇಳಿದ್ದರೆ, ಅಲ್ಲಿನ ಅನಕ್ಷರಸ್ಥ ಮುದುಕಿಯೂ ತಪ್ಪನ್ನು ತೋರಿಸುತ್ತಿದ್ದಳು.

ಮೂರನೆಯದು ವಲಸೆ. ತೊಗರಿಯ ರಾಶಿ ಮುಗಿದ ಮೇಲೆ ಈ ಸೀಮೆಯ ಎಷ್ಟೋ ಕುಟುಂಬಗಳು ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕೂಲಿಗಾಗಿ ಹೊರಡುತ್ತವೆ, ಮುಂಗಾರಿಗೆ ಹಿಂದಿರುಗುತ್ತವೆ. ಜನರ ಎಣಿಕೆಗೆ ಗೊತ್ತುಮಾಡಿದ ಕಾಲವಾದರೋ ಫೆಬ್ರವರಿ! ಹುಟ್ಟಿದ ಊರು, ಹಿಂದೆ ಇದ್ದ ಊರುಗಳನ್ನು ಗಣತಿಯು ಕೇಳುತ್ತ ಬಂದಿದೆ ನಿಜ. ಆದರೆ ಪ್ರತಿವರ್ಷ ನಾಲ್ಕು ತಿಂಗಳು ಮನೆಗೆ ಬೀಗ ಹಾಕಿ ಹೋಗಿಬರುವವನ ಬದುಕು ಆ ಪ್ರಶ್ನೆಗಳ ಜಾಲಕ್ಕೆ ಸಿಕ್ಕುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಿದ್ದರೆ ಜನರು ಮೊದಲು ಸೂಚಿಸುತ್ತಿದ್ದ ಪ್ರಶ್ನೆ ಇದೇ.

ದೋಷವು ದೆಹಲಿಯದು ಮಾತ್ರವೇ? ಬೆಂಗಳೂರಿನದೂ ಅಷ್ಟೇ. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ 2015ರಲ್ಲಿ ನಡೆಯಿತು. ಅದರ ವರದಿ ಸರ್ಕಾರದ ಕೈಸೇರಿದ್ದು 2024ರಲ್ಲಿ. ಹಳೆಯದಾಯಿತೆಂದು ಹೊಸ ಸಮೀಕ್ಷೆಗೆ ನಿರ್ಣಯಿಸಿದ್ದು 2025ರ ಜೂನ್ ತಿಂಗಳಲ್ಲಿ. ಆ ಸೆಪ್ಟೆಂಬರ್ 22ರಂದು ಉಪಾಧ್ಯಾಯರು 60 ಪ್ರಶ್ನೆಗಳನ್ನು ಹೊತ್ತು ಮನೆಮನೆಗೆ ಹೊರಟರು. ಜಾತಿಗಳ ಹೆಸರುಪಟ್ಟಿಯ ಮೇಲಿನ ವ್ಯಾಜ್ಯವು ಅವರು ಹೊರಡುವ ಹೊತ್ತಿಗೆ ಉರಿಯುತ್ತಲೇ ಇತ್ತು. ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದೆಂದು ಸಾರಬೇಕೆಂದೂ, ಕೊಟ್ಟದ್ದು ಗೋಪ್ಯವಾಗಿರಬೇಕೆಂದೂ ಉಚ್ಚ ನ್ಯಾಯಾಲಯವು ಆಜ್ಞಾಪಿಸಿದ್ದು ಸಮೀಕ್ಷೆ ಆರಂಭವಾದ ಮೂರು ದಿನಗಳ ಬಳಿಕ. ಕರಡನ್ನು ಮುಂಚಿತವಾಗಿ ಊರ ಮುಂದಿಟ್ಟು ಆಕ್ಷೇಪಣೆಗಳನ್ನು ಆಲಿಸಿದ್ದರೆ, ಬಾಗಿಲಲ್ಲಿ ನಿಂತ ಬಡ ಉಪಾಧ್ಯಾಯನು ಜನರ ಸಂಶಯಕ್ಕೆ ಗುರಿಯಾಗುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಮೂರು ಮಾತುಗಳನ್ನು ಹೇಳುವುದುಂಟು. ಇದು ತಜ್ಞರ ಕೆಲಸ, ಸಾಮಾನ್ಯರಿಗೇನು ತಿಳಿದೀತು ಎಂಬುದು ಮೊದಲನೆಯದು. ಲೆಕ್ಕವನ್ನು ಕೂಡಿಸುವ ವಿದ್ಯೆ ತಜ್ಞರದು; ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂಬ ವಿವೇಕ ಅನುಭವಸ್ಥರದು. ವಿಳಂಬವಾದೀತೆಂಬುದು ಎರಡನೆಯದು. ಆರು ವರ್ಷಗಳ ವಿಳಂಬವನ್ನು ಸಹಿಸಿದ ರಾಷ್ಟ್ರಕ್ಕೆ 60 ದಿನಗಳು ಭಾರವೇ? ಜಾತಿ ಮತಗಳ ಕಲಹ ಎದ್ದೀತೆಂಬುದು ಮೂರನೆಯದು. ಕೇಳದೆ ಇದ್ದಾಗಲೂ ಕಲಹವು ಎದ್ದಿತಷ್ಟೆ. ಕೇಳಿದರೆ ಅದು ಬೀದಿಯನ್ನು ಬಿಟ್ಟು ಸಭೆಗೆ ಬಂದೀತು.

ಪರದೇಶಗಳಲ್ಲಿ ಇದು ನಡೆಯದ ಮಾತಲ್ಲ. ಅಮೆರಿಕದಲ್ಲಿ 1980ರ ಶಾಸನವೂ ಅದರ 1995ರ ಪರಿಷ್ಕರಣವೂ, ಕೇಂದ್ರ ಇಲಾಖೆಗಳು ಜನರಿಂದ ಮಾಹಿತಿ ಕೇಳುವ ಮುನ್ನ 60 ದಿನ, ಬಳಿಕ ಮತ್ತೆ 30 ದಿನ ಸಾರ್ವಜನಿಕರ ಅಭಿಪ್ರಾಯವನ್ನು ಪಡೆಯಬೇಕೆಂದು ವಿಧಿಸಿವೆ. ಇಂಗ್ಲೆಂಡಿನವರು 2021ರ ಗಣತಿಯ ವಿಷಯಗಳನ್ನು ಕುರಿತು 2015ರಲ್ಲಿಯೇ ಜನರನ್ನು ವಿಚಾರಿಸಿದರು. ಭಾರತ ಸರ್ಕಾರವೂ 2014ರಲ್ಲಿ, ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂಬ ನೀತಿಯನ್ನು ಅಂಗೀಕರಿಸಿತು. ಕಾನೂನಿಗೆ ಸಲ್ಲುವ ಮರ್ಯಾದೆ, ಆ ಕಾನೂನಿಗೂ ಆಯವ್ಯಯಕ್ಕೂ ತಳಹದಿಯಾದ ಅಂಕಿಗಳಿಗೆ ಏಕೆ ಸಲ್ಲಬಾರದು?

ಆದಕಾರಣ ಬೇಕಾದದ್ದು ಇಷ್ಟೆ. ಪ್ರಶ್ನಾವಳಿಯ ಕರಡನ್ನು, ಭಾಷೆ ಜಾತಿಗಳ ವಿಂಗಡಣಾ ಪಟ್ಟಿಯನ್ನು, ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಅಚ್ಚುಮಾಡಿಸಿ ಪ್ರತಿ ಗ್ರಾಮ ಪಂಚಾಯತಿಗೆ ಕಳುಹಿಸತಕ್ಕದ್ದು. ಗ್ರಾಮಸಭೆಯಲ್ಲಿ, ತಾಂಡಾದಲ್ಲಿ, ನಗರದ ವಾರ್ಡಿನಲ್ಲಿ ಅದನ್ನು ಗಟ್ಟಿಯಾಗಿ ಓದಿಸತಕ್ಕದ್ದು. 60 ದಿನ ಆಕ್ಷೇಪಣೆಗಳನ್ನು ಸ್ವೀಕರಿಸಿ, ಒಪ್ಪಿದ್ದಕ್ಕೂ ಒಪ್ಪದಿದ್ದಕ್ಕೂ ಕಾರಣವನ್ನು ಬರೆದು ಪ್ರಕಟಿಸತಕ್ಕದ್ದು. ಸಮೀಕ್ಷೆಯ ಫಲವನ್ನು ಹೊರಗಿಡುವ ದಿನವನ್ನೂ ಮೊದಲೇ ಸಾರತಕ್ಕದ್ದು. ಕಲಬುರಗಿಯ ವಿದ್ಯಾವಂತ ಕುಟುಂಬಗಳೂ ಕೈಕಟ್ಟಿ ಕೂಡಬಾರದು. ಕರಡನ್ನು ಓದಿ ತಿಳಿಸುವ, ಆಕ್ಷೇಪಣೆಯನ್ನು ಬರೆದುಕೊಡುವ ಭಾರ ಅವರ ಮೇಲಿದೆ. ಎಣಿಕೆಯಲ್ಲಿ ತಪ್ಪಿಹೋದ ಊರಿಗೆ ಶಾಲೆಯೂ ತಪ್ಪುತ್ತದೆ, ಬಾವಿಯೂ ತಪ್ಪುತ್ತದೆ. ಹತ್ತು ವರ್ಷ ಕಳೆಯುವತನಕ ಆ ತಪ್ಪಿಗೆ ತಿದ್ದುಪಡಿಯಿಲ್ಲ.