ಹೊಸ ಲ್ಯಾಪ್‌ಟಾಪಿನೊಳಗೆ ವಿಂಡೋಸ್ 98: ಬೇಕೇ, ಬೇಡವೇ?

ಬ್ರಹ್ಮಾವರದಂಥ ಊರಿನಲ್ಲಿ ಇಪ್ಪತ್ತೈದು ವರ್ಷ ಹಳೆಯ ಕಂಪ್ಯೂಟರೊಂದು ಇನ್ನೂ ಓಡುತ್ತಿದ್ದರೆ ಅದೇ ದೊಡ್ಡ ಮಾತು. ಕಡಲು ಹತ್ತಿರ, ಒಂದು ಕಡೆ ಸೀತಾನದಿ, ಇನ್ನೊಂದು ಕಡೆ ಸುವರ್ಣಾ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ಆ ತಿಂಗಳುಗಳಲ್ಲಿ ಕಪಾಟಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಫ್ಲಾಪಿಯನ್ನು ಯಾರು ಕೇಳಬೇಕು. ಉಪ್ಪುಗಾಳಿಗೆ ರ‍್ಯಾಮ್‌ನ ಅಂಚು ಮಂಕಾಗುತ್ತದೆ, ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬುತ್ತವೆ, ಎಸ್‌ಎಂಪಿಎಸ್ ಒಳಗೆ ಇರುವೆ ಗೂಡು ಕಟ್ಟುತ್ತದೆ. ಮೇ ತಿಂಗಳ ಗುಡುಗು ಮಳೆಯಲ್ಲಿ ಫೋನಿನ ತಂತಿ ಹಿಡಿದು ಬಂದ ಸಿಡಿಲಿಗೆ ಸುಟ್ಟುಹೋದ ಮೋಡೆಮ್‌ಗಳನ್ನು ಕಂಡವರು ಈ ಕಡೆ ಎಲ್ಲ ಊರಿನಲ್ಲೂ ಇದ್ದಾರೆ.

ಆದ್ದರಿಂದ 2000ದ ಸುಮಾರಿಗೆ ಇಲ್ಲಿನ ಕಂಪ್ಯೂಟರ್ ಕ್ಲಾಸುಗಳಲ್ಲಿ ರೋಡ್ ರ‍್ಯಾಶ್, ವರ್ಚುವಾ ಕಾಪ್ 2 ಆಡಿ ಬೆಳೆದವರು ಈಗ ಮತ್ತೆ ಅವನ್ನು ಆಡಬೇಕೆಂದರೆ ಹಳೆಯ ಪೆಟ್ಟಿಗೆಯನ್ನು ನಂಬಿ ಕೂರುವಂತಿಲ್ಲ. ಉಳಿದಿರುವ ಒಂದು ದಾರಿ, ಹೊಸ ಲ್ಯಾಪ್‌ಟಾಪಿನೊಳಗೆ ಎಮ್ಯುಲೇಟರ್ ಹಾಕಿ, ಅದರೊಳಗೆ ವಿಂಡೋಸ್ 98 ಅನ್ನೇ ಇಡಿಯಾಗಿ ಕೂರಿಸಿ, ಅದರೊಳಗೆ ಆಟ ಆಡುವುದು. ಇದು ಶ್ರಮಕ್ಕೆ ತಕ್ಕ ಕೆಲಸವೇ ಎಂಬ ಬಗ್ಗೆ ಹಳೆಯ ಆಟಗಳ ಮೋಹ ಇರುವವರಲ್ಲೇ ಎರಡು ಅಭಿಪ್ರಾಯ ಇದೆ. ಎರಡರಲ್ಲೂ ಹುರುಳಿದೆ.

ಎಮ್ಯುಲೇಟರ್ ಮಾಡುವ ಕೆಲಸ ಏನು? 86ಬಾಕ್ಸ್, ಪಿಸಿಎಂ ಮೊದಲಾದ ತಂತ್ರಾಂಶಗಳು ಹಳೆಯ ಯಂತ್ರವನ್ನು ಬಿಡಿಬಿಡಿಯಾಗಿ ನಟಿಸುತ್ತವೆ: ಪೆಂಟಿಯಂ ಪ್ರೊಸೆಸರ್, ಸೌಂಡ್ ಬ್ಲಾಸ್ಟರ್ 16 ಕಾರ್ಡು, ವೂಡೂ ಗ್ರಾಫಿಕ್ಸ್ ಕಾರ್ಡು, ಸಿಡಿ ಡ್ರೈವು, ಬಯಾಸ್ ಕೂಡ. ಒಳಗಿರುವ ವಿಂಡೋಸ್‌ಗೆ ತಾನು 1998ರ ಪೆಟ್ಟಿಗೆಯಲ್ಲೇ ಇದ್ದೇನೆಂಬ ಭಾವನೆ. ವರ್ಚುವಲ್‌ಬಾಕ್ಸ್‌ನಂಥವುಗಳ ರೀತಿ ಬೇರೆ. ಅವು ಇವತ್ತಿನ ಪ್ರೊಸೆಸರನ್ನೇ ಒಳಗಿನ ವ್ಯವಸ್ಥೆಗೆ ಕೊಡುತ್ತವೆ. ಕೇಳಲು ಅದೇ ಒಳ್ಳೆಯದೆನಿಸುತ್ತದೆ. ಆದರೆ ಹಳೆಯ ವಿಂಡೋಸ್‌ಗೆ ವೇಗವೇ ಕಾಯಿಲೆ. 2.1 ಗಿಗಾಹರ್ಟ್ಸ್ ಮೀರಿದ ಪ್ರೊಸೆಸರ್ ಸಿಕ್ಕಿದರೆ ವಿಂಡೋಸ್ 95 ಏಳುವಾಗಲೇ ಮುಗ್ಗರಿಸುತ್ತದೆ. 512 ಎಂಬಿ ಮೀರಿದ ರ‍್ಯಾಮ್ ಕೊಟ್ಟರೆ ವಿಂಡೋಸ್ 98 ತಕರಾರು ತೆಗೆಯುತ್ತದೆ. 3ಡಿ ಆಟಗಳಿಗೆ ಬೇಕಾದ ಗ್ರಾಫಿಕ್ಸ್ ಡ್ರೈವರಂತೂ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ 98ಕ್ಕೆ ಅಧಿಕೃತವಾಗಿ ಇಲ್ಲವೇ ಇಲ್ಲ. ಹಾಗಾಗಿ ನಿಧಾನವಾದರೂ ಚಿಪ್ಪಿನಿಂದ ಚಿಪ್ಪಿಗೆ ಅನುಕರಿಸುವ ಎಮ್ಯುಲೇಟರೇ ಬೇಕಾಗುತ್ತದೆ.

ಬೇಕು ಎನ್ನುವವರ ವಾದದ ತಿರುಳು ಇರುವುದು 1995ರಿಂದ 2001ರವರೆಗಿನ ಆಟಗಳಲ್ಲಿ. ಅದಕ್ಕೂ ಹಿಂದಿನ ಡಾಸ್ ಆಟಗಳ ಚಿಂತೆ ಹೆಚ್ಚುಕಡಿಮೆ ತೀರಿದೆ. 2002ರಲ್ಲಿ ಹೊರಬಂದ ಡಾಸ್‌ಬಾಕ್ಸ್ ಒಂದಿದ್ದರೆ ಪ್ರಿನ್ಸ್ ಆಫ್ ಪರ್ಷಿಯಾ, ಡೇಂಜರಸ್ ಡೇವ್ ಎಲ್ಲ ಓಡುತ್ತವೆ. 2015ರಿಂದ ಇಂಟರ್ನೆಟ್ ಆರ್ಕೈವ್ ಡಾಸ್ ಆಟಗಳನ್ನು ಬ್ರೌಸರಿನಲ್ಲೇ ಆಡಲು ಕೊಟ್ಟಿದೆ. 2001ರ ನಂತರದ ಆಟಗಳು ಹೆಚ್ಚಾಗಿ ವಿಂಡೋಸ್ ಎಕ್ಸ್‌ಪಿಯ ಕಾಲದವು. ಅವುಗಳಲ್ಲಿ ಬಹಳಷ್ಟು ಇವತ್ತಿಗೂ ಅಷ್ಟಿಷ್ಟು ಒದ್ದಾಡಿ ಏಳುತ್ತವೆ. ಸಿಕ್ಕಿಬಿದ್ದಿರುವುದು ನಡುವಿನ ಆರೇಳು ವರ್ಷದವು.

ಅವುಗಳ ತೊಂದರೆ ಒಂದೇ ಬಗೆಯದಲ್ಲ. ಆಟ 32 ಬಿಟ್‌ನದಾಗಿದ್ದರೂ ಅದನ್ನು ಅನುಸ್ಥಾಪಿಸುವ ಸೆಟಪ್ ಪ್ರೋಗ್ರಾಮು 16 ಬಿಟ್‌ನದಾಗಿರುವುದು ಆ ಕಾಲದ ಸಿಡಿಗಳಲ್ಲಿ ಸಾಮಾನ್ಯ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮನ್ನು ಮುಟ್ಟುವುದೇ ಇಲ್ಲ, ಮತ್ತು ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹೀಗೆ ಓಡಬಲ್ಲ ಆಟವೂ ಸಿಡಿಯಿಂದ ಹೊರಗೆ ಬರಲಾಗದೆ ಉಳಿಯುತ್ತದೆ. ಇನ್ನು ಕೆಲವು ಆಟಗಳು ವೂಡೂ ಕಾರ್ಡಿನ ಗ್ಲೈಡ್ ಎಂಬ ಭಾಷೆಯನ್ನೇ ನೆಚ್ಚಿ ಬರೆದವು. ಆ ಕಾರ್ಡು ಮಾಡಿದ ತ್ರೀಡಿಎಫ್‌ಎಕ್ಸ್ ಕಂಪನಿ 2002ಕ್ಕೆಲ್ಲ ದಿವಾಳಿ ಎದ್ದಿತ್ತು. ಮತ್ತೆ ಕೆಲವಕ್ಕೆ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ಬೀಗ. ಅದರ ಡ್ರೈವರಿನಲ್ಲಿ ಭದ್ರತಾ ದೋಷ ಕಂಡದ್ದರಿಂದ ಮೈಕ್ರೋಸಾಫ್ಟ್ 2015ರಲ್ಲಿ ಹಳೆಯ ವಿಂಡೋಸ್‌ಗಳಲ್ಲಿ ಅದನ್ನು ನಿಲ್ಲಿಸಿತು, ವಿಂಡೋಸ್ 10ರಲ್ಲಿ ಕೊಡಲೇ ಇಲ್ಲ. ಹಣ ಕೊಟ್ಟು ಕೊಂಡ ಅಸಲಿ ಸಿಡಿ ಕೈಯಲ್ಲಿದ್ದವನ ಆಟವೇ ನಿಂತುಹೋಯಿತು. ಎಮ್ಯುಲೇಟರಿನೊಳಗಿನ ವಿಂಡೋಸ್ 98ರಲ್ಲಿ ಈ ಮೂರೂ ತೊಡಕು ಬಹುಮಟ್ಟಿಗೆ ಇರುವುದಿಲ್ಲ, ಏಕೆಂದರೆ ಆಟ ತಾನು ಹುಟ್ಟಿದ ಮನೆಯಲ್ಲೇ ಇರುತ್ತದೆ.

ಅಂಗಡಿಯಲ್ಲಿ ಹೊಸ ರೂಪದಲ್ಲಿ ಕೊಳ್ಳಬಾರದೇ ಎಂದರೆ, ಕೆಲವನ್ನು ಖಂಡಿತ ಕೊಳ್ಳಬಹುದು. ಏಜ್ ಆಫ್ ಎಂಪೈರ್ಸ್ 2018ರಲ್ಲಿ, ಅದರ ಎರಡನೇ ಭಾಗ 2019ರಲ್ಲಿ ಹೊಸದಾಗಿ ಬಂದಿವೆ. ಅವಕ್ಕಾಗಿ ಯಾರೂ ವಿಂಡೋಸ್ 98 ಹಾಕಬೇಕಿಲ್ಲ. ಕ್ವೇಕ್, ಡೂಮ್‌ಗಳ ಮೂಲ ಸಂಕೇತವನ್ನೇ ಅವುಗಳ ತಯಾರಕರು 1990ರ ದಶಕದಲ್ಲೇ ಬಿಡುಗಡೆ ಮಾಡಿದ್ದರಿಂದ ಅವು ಯಾವ ಯಂತ್ರದಲ್ಲಾದರೂ ಓಡುತ್ತವೆ. ಆದರೆ ಇವು ಅದೃಷ್ಟವಂತ ಆಟಗಳು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಅಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇಕಡ 87 ಈಗ ಮಾರಾಟದಲ್ಲೇ ಇಲ್ಲವೆಂದು ಗೊತ್ತಾಯಿತು. ರೋಡ್ ರ‍್ಯಾಶ್‌ನ ಪಿಸಿ ಆವೃತ್ತಿಯೂ ಅಂಥದ್ದೇ. ಸೌಂಡ್‌ಗಾರ್ಡನ್‌ನಂಥ ತಂಡಗಳ ಹಾಡು ಅದರೊಳಗಿವೆ. ಮತ್ತೆ ಮಾರಬೇಕೆಂದರೆ ಆ ಹಾಡುಗಳ ಹಕ್ಕನ್ನೂ ಮತ್ತೆ ಪಡೆಯಬೇಕಾದೀತು. ಅಷ್ಟು ಓಡಾಟಕ್ಕೆ ಯಾವ ಕಂಪನಿಯಾದರೂ ಇಳಿಯುತ್ತದೆಂದು ನನಗೆ ಅನಿಸುವುದಿಲ್ಲ.

ಕರಾವಳಿಯವರಿಗೆ ಮಾತ್ರ ಅರ್ಥವಾಗುವ ಇನ್ನೊಂದು ಅನುಕೂಲವೂ ಇದೆ. ಆಗ ಕರೆಂಟು ಹೋದಾಗಲೆಲ್ಲ ಕಂಪ್ಯೂಟರು ತಟ್ಟನೆ ಆರಿ, ಮತ್ತೆ ಹಾಕಿದಾಗ ಸ್ಕ್ಯಾನ್‌ಡಿಸ್ಕ್‌ನ ನೀಲಿ ಪರದೆ ಎದುರಾಗುತ್ತಿತ್ತು. ಒಂದೆರಡು ಸಲ ಹೀಗಾದರೆ ಹಾರ್ಡ್‌ಡಿಸ್ಕಿನ ಕಡತಗಳು ಕೆಡುತ್ತಿದ್ದವು. ಎಮ್ಯುಲೇಟರಿನಲ್ಲಿ ಹಾರ್ಡ್‌ಡಿಸ್ಕು ಎಂದರೆ ಒಂದು ಕಡತ, ಅಷ್ಟೇ. ಅದರ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಒಳಗಿನ ವಿಂಡೋಸ್ ಎಷ್ಟು ಸಲ ಕೆಟ್ಟರೂ ಹೊಸದಾಗಿ ಅನುಸ್ಥಾಪಿಸಬೇಕಿಲ್ಲ.

ಆಟದಿಂದ ಸ್ವಲ್ಪ ಆಚೆ ಹೋಗಿ ಹೇಳುವುದಾದರೆ, ಇದೇ ವ್ಯವಸ್ಥೆ ಕನ್ನಡಕ್ಕೂ ಒದಗುತ್ತದೆ. ಯೂನಿಕೋಡ್ ಬರುವ ಮುಂಚೆ ಡಿಟಿಪಿ ಅಂಗಡಿಗಳಲ್ಲಿ ಸಂಯೋಜಿಸಿದ ಕರಪತ್ರ, ಸ್ಮರಣ ಸಂಚಿಕೆ, ಪುಸ್ತಕಗಳ ಕಡತಗಳು ಆಗಿನ ಫಾಂಟುಗಳಲ್ಲಿ, ಆಗಿನ ಪೇಜ್‌ಮೇಕರಿನಲ್ಲಿ ಇವೆ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ಇವತ್ತಿಗೂ ನಮ್ಮ ಬೆರಳಿನಲ್ಲಿದೆ, ಆದರೆ ಆಗ ಅದರಿಂದ ಬೆರಳಚ್ಚಾದ ಎಷ್ಟೋ ಕಡತ ತೆರೆಯುವವರಿಲ್ಲದೆ ಬಿದ್ದಿವೆ. ಆಟಕ್ಕಾಗಿ ಕಟ್ಟಿದ ವಿಂಡೋಸ್ 98ರಲ್ಲಿ ಅವೂ ತೆರೆದುಕೊಳ್ಳುತ್ತವೆ. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗ ಬೇಡುವ ತಂತ್ರಾಂಶಗಳು ಮಾತ್ರ ಸುಲಭಕ್ಕೆ ಬಗ್ಗುವುದಿಲ್ಲ.

ಬೇಡ ಎನ್ನುವವರ ಮಾತಿಗೆ ಬರೋಣ. ಅವರ ಮೊದಲ ಆಕ್ಷೇಪ ಸಮಯದ್ದು, ಅದು ಸಣ್ಣದಲ್ಲ. ವಿಂಡೋಸ್ 98ಕ್ಕೆ 66 ಮೆಗಾಹರ್ಟ್ಸ್‌ನ 486 ಪ್ರೊಸೆಸರು, 16 ಎಂಬಿ ರ‍್ಯಾಮ್ ಸಾಕಾಗುತ್ತಿತ್ತು. ಅದನ್ನು ಅನುಕರಿಸಲು ಹಗುರ ಲ್ಯಾಪ್‌ಟಾಪೂ ಸಾಕು. ಆದರೆ ಆಟಗಳಿಗೆ ಪೆಂಟಿಯಂ 2 ಮತ್ತು ವೂಡೂ ಕಾರ್ಡು ಬೇಕೆಂದಾಗ, ಪ್ರತಿ ಆದೇಶವನ್ನೂ ಬಿಡಿಸಿ ನಟಿಸುವ ಹೊರೆಗೆ ಮನೆಯಲ್ಲಿರುವ ಮಾಮೂಲಿ ಲ್ಯಾಪ್‌ಟಾಪು ಏದುಸಿರು ಬಿಡುತ್ತದೆ. ಹಾಡು ಕಡಿದು ಕಡಿದು ಬರುತ್ತದೆ. ಅಲ್ಲಿಗೆ ತಲುಪುವ ಮುಂಚೆ ಎಫ್‌ಡಿಸ್ಕ್, ಫಾರ್ಮ್ಯಾಟ್, ಸಿಡಿ ಡ್ರೈವರ್, ಡಿಸ್‌ಪ್ಲೇ ಡ್ರೈವರ್, ಡೈರೆಕ್ಟ್‌ಎಕ್ಸ್ ಎಂದು ಹತ್ತು ಹಂತ. ಭಾನುವಾರವೊಂದು ಪೂರ್ತಿ ಅದಕ್ಕೇ ಹೋಗುತ್ತದೆ. ನಾನು ಹೀಗೆ ಕೂತಿದ್ದಾಗ ತಂಗಿಯ ಮಗ ಕೇಳಿದ: "ಇಷ್ಟ್ ಕಷ್ಟ ಎಂತಕ್ ಮಾವ, ಯೂಟ್ಯೂಬಗೆ ಯಾರೋ ಆಡದ್ದ್ ಕಾಂಬುಕ್ ಸಿಕ್ಕತ್ತಲೆ?" ಅವನದು ಸರಿಯಾದ ಪ್ರಶ್ನೆ. ನೆನಪಿಗಾಗಿ ಮಾತ್ರ ಬೇಕಾದವನಿಗೆ ಹತ್ತು ನಿಮಿಷದ ವಿಡಿಯೋ ಸಾಕು. ಕೀಲಿ ಒತ್ತಿದಾಗ ರೋಡ್ ರ‍್ಯಾಶ್‌ನ ಬೈಕು ಎಷ್ಟು ಹೊತ್ತಿಗೆ ತಿರುಗುತ್ತದೆ ಎಂಬುದು ಬೇಕಾದವನಿಗೆ ವಿಡಿಯೋ ಸಾಲದು. ಎರಡನೆಯವರ ಸಂಖ್ಯೆ ಕಡಿಮೆ ಎಂದು ಒಪ್ಪಿಕೊಳ್ಳುತ್ತೇನೆ.

ಕಾನೂನಿನ ಪ್ರಶ್ನೆ ಇದಕ್ಕಿಂತ ಗಟ್ಟಿ. ವಿಂಡೋಸ್ 98ಕ್ಕೆ ಮೈಕ್ರೋಸಾಫ್ಟ್ 2006ರ ಜುಲೈನಲ್ಲಿ ಬೆಂಬಲ ನಿಲ್ಲಿಸಿದೆ, ಹಕ್ಕನ್ನು ಬಿಟ್ಟಿಲ್ಲ. ಎಮ್ಯುಲೇಟರು ಬೇಡುವ ಬಯಾಸ್ ಕಡತಗಳಿಗೂ ಒಡೆಯರಿದ್ದಾರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ನ್ಯಾಯವಾಗಿ ಪಡೆದ ಪ್ರತಿಯಿಂದ ಕಳೆದುಹೋಗದಂತೆ ನಕಲು ಇಟ್ಟುಕೊಳ್ಳಲು, ಸ್ವಂತದ, ವ್ಯಾಪಾರವಲ್ಲದ ಬಳಕೆಗೆ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಆದರೆ ಮೂಲ ಪ್ರತಿ ನ್ಯಾಯವಾಗಿ ಬಂದಿರಬೇಕು. ಆ ಕಾಲದಲ್ಲಿ ಅಸೆಂಬಲ್ ಮಾಡಿಸಿದ ಎಷ್ಟು ಕಂಪ್ಯೂಟರಿಗೆ ಅಸಲಿ ವಿಂಡೋಸ್ ಇತ್ತು? ಒಂದೇ ಸಿಡಿಯಲ್ಲಿ ನೂರು ಆಟ ತುಂಬಿ ಮಾರುತ್ತಿದ್ದದ್ದು ಯಾರ ಅನುಮತಿಯಿಂದ? ನಮ್ಮ ಬಾಲ್ಯದ ಆಟಗಳಲ್ಲಿ ಬಹುಪಾಲು ಕಳ್ಳ ಪ್ರತಿಗಳೇ ಎಂಬ ಸತ್ಯವನ್ನು ಬೇಡ ಎನ್ನುವವರು ಮುಂದಿಟ್ಟಾಗ, ಬೇಕು ಎನ್ನುವವರು ಸಾಮಾನ್ಯವಾಗಿ ವಿಷಯ ಬದಲಿಸುತ್ತಾರೆ. ಹಾಗೆ ಮಾಡಬಾರದು. ಅಂಗಡಿಯಲ್ಲಿ ಸಿಗದ್ದು ಎಂಬ ಮಾತ್ರಕ್ಕೆ ಅದು ವಾರಸುದಾರರಿಲ್ಲದ್ದು ಆಗುವುದಿಲ್ಲ.

ಡಾಸ್‌ನ ವಿಷಯದಲ್ಲಾದರೆ ಈ ಸಂಕಟ ಇಲ್ಲ. 1994ರಲ್ಲಿ ಶುರುವಾದ ಫ್ರೀಡಾಸ್ ಎಲ್ಲರಿಗೂ ಉಚಿತ, ಮುಕ್ತ. ಮೈಕ್ರೋಸಾಫ್ಟ್ ತಾನೇ 2024ರಲ್ಲಿ ಎಂಎಸ್-ಡಾಸ್ 4.00ರ ಮೂಲ ಸಂಕೇತವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ವಿಂಡೋಸ್ 98ಕ್ಕೂ ಅಂಥ ದಿನ ಬರಬೇಕು. ಬರುವವರೆಗೆ ಅಸಲಿ ಸಿಡಿ ಇದ್ದವರದೇ ನೇರ ದಾರಿ.

ಬೆಂಬಲ ನಿಂತ ವಿಂಡೋಸ್ ಎಂದರೆ ಅಂತರ್ಜಾಲದ ದಾಳಿಗೆ ತೆರೆದ ಬಾಗಿಲು ಎಂಬ ಸುರಕ್ಷತೆಯ ಆಕ್ಷೇಪ ಮಾತ್ರ ನನಗೆ ದೊಡ್ಡದಾಗಿ ಕಾಣುವುದಿಲ್ಲ. ಎಮ್ಯುಲೇಟರಿನಲ್ಲಿ ನೆಟ್‌ವರ್ಕ್ ಕಾರ್ಡನ್ನೇ ಕೊಡದಿದ್ದರೆ ಆ ಬಾಗಿಲು ಮುಚ್ಚಿತು.

ಎರಡನ್ನೂ ತೂಗಿ ನೋಡಿದರೆ ನನಗೆ ತೋರುವುದು ಹೀಗೆ. ಆಡುವುದಷ್ಟೇ ಗುರಿಯಾದರೆ ಮೊದಲು ಮಾರಾಟದಲ್ಲಿರುವ ಹೊಸ ಆವೃತ್ತಿ ನೋಡಿ, ಅದಿಲ್ಲದಿದ್ದರೆ ಡಾಸ್‌ಬಾಕ್ಸ್ ನೋಡಿ. ಇವೆರಡೂ ಕೈಕೊಟ್ಟ ಆಟಕ್ಕೆ ಮಾತ್ರ ಇಡೀ ವಿಂಡೋಸ್ 98ರ ಗೋಜಿಗೆ ಹೋಗಿ. ಆದರೆ ಆ ಕೊನೆಯ ಬಗೆಯ ಆಟಗಳಿಗೆ ಎಮ್ಯುಲೇಟರನ್ನು ಬಿಟ್ಟು ಬೇರೆ ಗತಿ ಇಲ್ಲ, ಮತ್ತು ಅವು ಕಡಿಮೆಯೇನಲ್ಲ. ಅವುಗಳ ಮಟ್ಟಿಗೆ ನಾನು ಬೇಕು ಎನ್ನುವವರ ಜತೆ ನಿಲ್ಲುತ್ತೇನೆ. ಹಳೆಯ ಪೆಟ್ಟಿಗೆಯನ್ನೇ ರಿಪೇರಿ ಮಾಡಿಸಿ ಆಡುತ್ತೇನೆ ಎನ್ನುವವರ ಪ್ರೀತಿಗೆ ಗೌರವವಿದೆ; ಬೆಂಗಳೂರಿನ ಒಣ ಹವೆಯಲ್ಲಿ ಅದು ಸಾಗೀತು, ಬ್ರಹ್ಮಾವರದ ಕಡೆಯ ಸಾಲಿಕೇರಿಯಲ್ಲೋ ಹಂಗಾರಕಟ್ಟೆಯಲ್ಲೋ ನಾಲ್ಕು ಮಳೆಗಾಲ ದಾಟುವುದು ಕಷ್ಟ.

ಎಮ್ಯುಲೇಟರು ಹಾಕುವುದೋ ಬಿಡುವುದೋ ನಿಧಾನವಾಗಿ ಯೋಚಿಸಬಹುದು, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಕಾಯದೇ ಇರುವುದು ಕಪಾಟಿನ ಸಿಡಿಗಳು. ಕೊಂಡ ಆಟದ ಸಿಡಿ, ಚಿಪ್ ಮತ್ತು ಡಿಜಿಟ್ ಪತ್ರಿಕೆಗಳ ಜತೆ ಬಂದ ಸಿಡಿ, ವಿಂಡೋಸ್‌ನ ಅಸಲಿ ಸಿಡಿ ಯಾವುದಿದ್ದರೂ ಈ ಸಲದ ಮಳೆ ಶುರುವಾಗುವ ಮುಂಚೆ ತೆಗೆದು ಒರೆಸಿ, ಪೂರ್ತಿ ಇಮೇಜ್ ಮಾಡಿ ಇಡಿ. ಕಡತಗಳನ್ನು ಬರೇ ಕಾಪಿ ಮಾಡಿದರೆ ಸಾಲದು. ಕ್ವೇಕ್‌ನಂಥ ಆಟಗಳ ಸಂಗೀತ ಆಡಿಯೋ ಸಿಡಿಯ ಹಾಡಿನ ಹಾಗೆ ಬೇರೆ ಟ್ರ್ಯಾಕುಗಳಲ್ಲಿ ಇರುತ್ತದೆ, ಕಾಪಿಯಲ್ಲಿ ಅದು ಬರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತಗಳ ರೂಪದಲ್ಲಿ ಇಮೇಜ್ ತೆಗೆಯಿರಿ. ಗುಜರಿಗೆ ಹೋಗಲಿರುವ ಕ್ಯಾಬಿನೆಟ್ಟಿನ ಬದಿಯಲ್ಲಿ ವಿಂಡೋಸ್‌ನ ಪ್ರಾಡಕ್ಟ್ ಕೀ ಅಂಟಿಸಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.