ಒಬ್ಬರೇ ಆಡಲು ನಾಚಿಕೆಯೇಕೆ?

ಬ್ಯಾಂಕಿನಿಂದ ನಿವೃತ್ತರಾದ ನನ್ನ ಹಳೆಯ ಸ್ನೇಹಿತರೊಬ್ಬರು ಹದಿನೈದು ವರ್ಷಗಳಿಂದ ವಾರಕ್ಕೆ ಮೂರು ದಿನ ತಪ್ಪದೆ ಗಾಲ್ಫ್ ಆಡುತ್ತಿದ್ದರು. ಬೆಳಿಗ್ಗೆ ಆರೂವರೆಗೆ ನಾಲ್ವರ ಗುಂಪು. ಅವರಲ್ಲಿ ಒಬ್ಬರು ತೀರಿಕೊಂಡರು. ಇನ್ನೊಬ್ಬರು ಮಗನ ಮನೆಗೆಂದು ಅಮೆರಿಕಕ್ಕೆ ಹೋದರು. ಮೂರನೆಯವರಿಗೆ ಮೊಣಕಾಲು ನೋವು. ಉಳಿದವರು ಇವರೊಬ್ಬರೇ. "ಒಬ್ಬನೇ ಆಡ್ತಾ ಇದ್ರೆ ನೋಡಿದೋರು ಏನಂದ್ಕೋತಾರೆ?" ಎಂದು ಮೈದಾನಕ್ಕೆ ಹೋಗುವುದನ್ನೇ ಬಿಟ್ಟು, ಡ್ರೈವಿಂಗ್ ರೇಂಜ್‌ನಲ್ಲಿ ನಿಂತು ದಿನಕ್ಕೆ ನೂರೈವತ್ತು ಚೆಂಡು ಹೊಡೆಯತೊಡಗಿದರು. ಮೂರು ತಿಂಗಳಾಗುವಷ್ಟರಲ್ಲಿ ನನ್ನ ಕ್ಲಿನಿಕ್ಕಿಗೆ ಬಂದು ಸೊಂಟ ಹಿಡಿದುಕೊಂಡು ನಿಂತಿದ್ದರು. ಕುರ್ಚಿ ತೋರಿಸಿದರೂ ಕೂರಲಾಗಲಿಲ್ಲ. ನೋವು ಪೃಷ್ಠದಿಂದ ಹಿಮ್ಮಡಿಯವರೆಗೆ ಇಳಿದಿತ್ತು.

ತಪ್ಪಿನಲ್ಲಿ ನನ್ನ ಪಾಲೂ ಇದೆ. ರೇಂಜಿಗೆ ಹೋಗುತ್ತಿದ್ದೇನೆಂದು ಅವರು ಮೊದಲು ಹೇಳಿದಾಗ "ಒಳ್ಳೆಯದಾಯಿತು, ವ್ಯಾಯಾಮವಂತೂ ಆಗುತ್ತದಲ್ಲ" ಎಂದವನು ನಾನೇ. ಈಗ ಆ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ಐವತ್ತು ದಾಟಿದವರು ಒಂಟಿಯಾಗಿ ಆಡುವುದಕ್ಕೂ ಒಂಟಿಯಾಗಿ ಅಭ್ಯಾಸ ಮಾಡುವುದಕ್ಕೂ, ವೈದ್ಯನ ದೃಷ್ಟಿಯಿಂದ, ಅಜಗಜಾಂತರವಿದೆ.

ಗಾಲ್ಫ್ ಶ್ರೀಮಂತರ ಆಟ, ನಮಗೇಕೆ ಆ ಉಸಾಬರಿ ಎಂದು ಪುಟ ತಿರುಗಿಸಬೇಡಿ. ಬೆಂಗಳೂರಿನ ನಡುವೆ 1876ರಿಂದಲೂ ಗಾಲ್ಫ್ ಕ್ಲಬ್ ಇದೆ. ಮೈಸೂರು, ಕೊಡಗು, ಚಿಕ್ಕಮಗಳೂರಿನಲ್ಲೂ ಆಡುವವರಿದ್ದಾರೆ. ನಿಮ್ಮ ಮನೆಯಲ್ಲಿ ಯಾರೂ ಆಡದಿದ್ದರೂ ಗೋಡೆಗೆ ಚೆಂಡು ಹೊಡೆಯುವ ಟೆನಿಸ್ ಪ್ರಿಯರೋ, ನೆಟ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡುವ ಮಗನೋ ಇದ್ದಾರು. ಅವರಿಗೂ ಇದರಲ್ಲಿ ವಿಷಯವಿದೆ.

ಮೊದಲು ಲೆಕ್ಕ ನೋಡೋಣ. ಹದಿನೆಂಟು ಕುಳಿಗಳ ಪೂರ್ತಿ ಆಟಕ್ಕೆ ಸುಮಾರು ನಾಲ್ಕು ಗಂಟೆ ಬೇಕು, ನಡಿಗೆ ಎಂಟು-ಹತ್ತು ಕಿಲೋಮೀಟರ್. ಸಾಧಾರಣ ಆಟಗಾರ ತೊಂಬತ್ತು ಹೊಡೆತಗಳಲ್ಲಿ ಮುಗಿಸಿದನೆನ್ನಿ. ಅದರಲ್ಲಿ ಮೂವತ್ತೈದರಷ್ಟು ಕುಳಿಯ ಬಳಿ ಚೆಂಡನ್ನು ಮೆಲ್ಲನೆ ಉರುಳಿಸುವ ಪಟ್‌ಗಳು, ಇನ್ನಷ್ಟು ಸಣ್ಣ ಹೊಡೆತಗಳು. ಮೈ ತಿರುಚಿ ಪೂರ್ತಿ ಬೀಸುವ ಹೊಡೆತ ನಲವತ್ತು ದಾಟಿದರೆ ಹೆಚ್ಚು. ಪ್ರತಿ ಹೊಡೆತದ ನಡುವೆ ಹಲವು ನಿಮಿಷಗಳ ನಡಿಗೆ, ಬಿಡುವು. ರೇಂಜಿನಲ್ಲಿ? ಬುಟ್ಟಿ ತುಂಬ ಚೆಂಡು, ಮುಕ್ಕಾಲು ಗಂಟೆಯಲ್ಲಿ ನೂರು ಬೀಸು, ಒಂದು ಹೆಜ್ಜೆಯೂ ನಡಿಗೆಯಿಲ್ಲ. ಹಣ ಕೊಟ್ಟಿದ್ದೇವೆಂದು ಬುಟ್ಟಿ ಖಾಲಿಯಾಗುವವರೆಗೂ ಬಿಡುವವರು ನಾವಲ್ಲ. ಊಟದ ಎಲೆಯಲ್ಲಿ ಏನೂ ಬಿಡಬಾರದೆಂದು ಕಲಿತವರು ನೋಡಿ!

ಆ ಬೀಸಿನಲ್ಲಿ ಸೊಂಟದ ಭಾಗದ ಬೆನ್ನುಮೂಳೆಯ ಮೇಲೆ ಕ್ಷಣಮಾತ್ರ ದೇಹದ ತೂಕದ ಸುಮಾರು ಎಂಟು ಪಟ್ಟು ಒತ್ತಡ ಬೀಳುತ್ತದೆಂದು ಅಳೆದಿದ್ದಾರೆ. ಒತ್ತಡದ ಜೊತೆಗೆ ತಿರುಚು, ಪಕ್ಕಕ್ಕೆ ಬಾಗು. ಬೆನ್ನುಮೂಳೆಯ ಬಿಲ್ಲೆಗಳ ನಡುವಣ ಮೆತ್ತೆಗೆ ನಲವತ್ತರ ನಂತರ ನೀರಿನಂಶ, ಸ್ಥಿತಿಸ್ಥಾಪಕತೆ ಎರಡೂ ಕಡಿಮೆ. ಗಾಲ್ಫ್ ಆಡುವವರಲ್ಲಿ ಅತಿ ಸಾಮಾನ್ಯವಾದ ತೊಂದರೆ ಸೊಂಟ ನೋವೇ ಆಗಿರುವುದರಲ್ಲಿ ಆಶ್ಚರ್ಯವಿಲ್ಲ. ಟೈಗರ್ ವುಡ್ಸ್‌ನಂಥ ಕಟ್ಟುಮಸ್ತಿನ ಆಟಗಾರನಿಗೇ 2014ರಿಂದ ಮತ್ತೆ ಮತ್ತೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿ, 2017ರಲ್ಲಿ ಎರಡು ಬಿಲ್ಲೆಗಳನ್ನು ಬೆಸೆಯಬೇಕಾಯಿತು. ಆತ 2019ರಲ್ಲಿ ಮಾಸ್ಟರ್ಸ್ ಗೆದ್ದದ್ದು ನಿಜ. ಆದರೆ ಆತನಿಗಿರುವ ವೈದ್ಯರ ಪಡೆ ನಮಗೆಲ್ಲಿಂದ ಬರಬೇಕು?

ರೇಂಜಿನ ಇನ್ನೊಂದು ಕಿರಿಕಿರಿ ಅಲ್ಲಿನ ಚಾಪೆ. ಸಿಮೆಂಟ್ ನೆಲದ ಮೇಲೆ ಹಾಸಿದ ಕೃತಕ ಹುಲ್ಲಿಗೆ ಕ್ಲಬ್ ಬಡಿದಾಗ ಆ ಪೆಟ್ಟು ಮಣಿಕಟ್ಟು, ಮೊಣಕೈಗೆ ಏರುತ್ತದೆ. ಮೊಣಕೈಯ ಒಳಬದಿಯ ನೋವಿಗೆ 'ಗಾಲ್ಫರ್ಸ್ ಎಲ್ಬೊ' ಎಂಬ ಹೆಸರೇ ಇದೆ.

ಬೆನ್ನು ನೊಂದರೂ ಆಟ ಸುಧಾರಿಸುತ್ತದಲ್ಲ ಎನ್ನುವಿರಾ? ಅದೂ ಪೂರ್ತಿ ನಿಜವಲ್ಲ. ಒಂದೇ ಮಾದರಿಯ ಹತ್ತು ಲೆಕ್ಕಗಳನ್ನು ಸಾಲಾಗಿ ಕೊಟ್ಟರೆ ಮಕ್ಕಳು ಪಟಪಟನೆ ಮಾಡಿಬಿಡುತ್ತಾರೆ. ಪರೀಕ್ಷೆಯಲ್ಲಿ ಕೂಡುವುದು, ಕಳೆಯುವುದು, ಬಡ್ಡಿ ಎಲ್ಲ ಬೆರೆತು ಬಂದಾಗ ತಡವರಿಸುತ್ತಾರೆ. ಕೈಚಳಕದ ಕೆಲಸಗಳಲ್ಲೂ ಹೀಗೆಯೇ ಎಂದು ಅಮೆರಿಕದ ಶಿಯಾ ಮತ್ತು ಮಾರ್ಗನ್ 1979ರಲ್ಲೇ ತೋರಿಸಿದರು. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಬೇರೆ ಬೇರೆ ಚಲನೆಗಳನ್ನು ಬೆರೆಸಿ ಕಲಿತವರಿಗೆ ಅದು ಕೆಲವು ದಿನಗಳ ನಂತರವೂ ಚೆನ್ನಾಗಿ ನೆನಪಿತ್ತು. ರೇಂಜಿನಲ್ಲಿ ಹದಿನೈದನೆಯ ಚೆಂಡು ನೇರವಾಗಿ ಹಾರಿದರೆ ಅದರ ಅರ್ಥ ನೀವು ಕಲಿತಿರಿ ಎಂದಲ್ಲ, ಹಿಂದಿನ ಹದಿನಾಲ್ಕು ಇನ್ನೂ ನೆನಪಿನಲ್ಲಿವೆ ಎಂದಷ್ಟೆ. ಮೈದಾನದಲ್ಲಾದರೋ ಒಮ್ಮೆ ಇಳಿಜಾರು, ಒಮ್ಮೆ ಉದ್ದ ಹುಲ್ಲು, ಒಮ್ಮೆ ಮರಳು, ಒಂದು ಹೊಡೆತದಂತೆ ಇನ್ನೊಂದಿಲ್ಲ.

ಹಾಗಾದರೆ ಒಬ್ಬರೇ ಆಡುವುದು ಹೇಗೆ? ವಾರದ ದಿನ, ಬಿಸಿಲೇರುವ ಮುನ್ನ, ಜನ ಕಡಿಮೆಯಿರುವ ಹೊತ್ತು ಆರಿಸಿಕೊಳ್ಳಿ. ಹದಿನೆಂಟರ ಹಟ ಬೇಡ, ಒಂಬತ್ತು ಕುಳಿ ಸಾಕು. ಒಂಟಿ ಆಟಗಾರನಿಗೆ ಅದು ಒಂದೂವರೆ ಗಂಟೆಯ ಕೆಲಸ. ನಡೆಯಬಲ್ಲಿರಾದರೆ ಬಗ್ಗಿ ಹತ್ತಬೇಡಿ, ಆಟದ ಅರ್ಧ ಲಾಭ ಆ ನಡಿಗೆಯಲ್ಲೇ ಇದೆ. ಶುರು ಮಾಡುವ ಮುನ್ನ ಹತ್ತು ನಿಮಿಷ ಬಿರುಸಾಗಿ ನಡೆದು, ಭುಜ-ಸೊಂಟಗಳನ್ನು ಸಡಿಲಿಸಿ, ಮೊದಲ ಕೆಲವು ಬೀಸುಗಳನ್ನು ಅರ್ಧ ಬಲದಲ್ಲಿ ಮಾಡಿ. ಕಾರಿನಿಂದಿಳಿದು ನೇರವಾಗಿ ಮೊದಲ ಚೆಂಡಿಗೆ ರಪ್ಪನೆ ಬಾರಿಸುವವರು ನನ್ನಂಥವರಿಗೆ ಗಿರಾಕಿ ಒದಗಿಸುತ್ತಾರೆ. ಚೀಲದಲ್ಲಿ ಹದಿನಾಲ್ಕು ಕ್ಲಬ್‌ಗಳನ್ನು ತುಂಬಬೇಕೆಂಬ ಕಾನೂನಿಲ್ಲ, ಆರು-ಏಳು ಸಾಕು. ಹಿಂದೆ ಯಾರೂ ಕಾಯುತ್ತಿಲ್ಲವಾದರೆ, ಕ್ಲಬ್ಬಿನ ಒಪ್ಪಿಗೆಯೂ ಇದ್ದರೆ, ಕುಳಿಯ ಹತ್ತಿರ ಎರಡನೆಯ ಚೆಂಡು ಹಾಕಿ ಬೇರೆ ರೀತಿಯಲ್ಲಿ ಪ್ರಯತ್ನಿಸಿ ನೋಡಿ. ಜೊತೆಗಾರರಿದ್ದಾಗ ಇದಕ್ಕೆ ಆಸ್ಪದವಿಲ್ಲ. ಹೀಗೆ ಅಭ್ಯಾಸವೂ ಆಟದೊಳಗೇ ಸೇರಿಹೋಗುತ್ತದೆ.

ಸ್ಕೋರು ಬರೆಯಲೇಬೇಕೆಂದಿಲ್ಲ. ಒಬ್ಬರೇ ಆಡಿದ ಸ್ಕೋರನ್ನು ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹಿಡಿಯುವುದಿಲ್ಲ, ನೋಡಿದ ಸಾಕ್ಷಿ ಇರಬೇಕು. ನನಗಂತೂ ಇದು ವರವಾಗಿ ಕಾಣುತ್ತದೆ. ಸ್ನೇಹಿತನನ್ನು ಸೋಲಿಸುವ ಹುರುಪಿನಲ್ಲಿ ಮೈಮೀರಿ ಬೀಸಿ ಬೆನ್ನು ಉಳುಕಿಸಿಕೊಂಡವರು ಎಷ್ಟು ಮಂದಿ!

ಇನ್ನು ನಾಚಿಕೆಯ ಮಾತು. ಹಿಂದೆ ಗಾಲ್ಫ್ ನಿಯಮ ಪುಸ್ತಕದ ಶಿಷ್ಟಾಚಾರದ ಭಾಗದಲ್ಲಿ, ಒಂಟಿ ಆಟಗಾರನಿಗೆ ಯಾವ ಹಕ್ಕೂ ಇಲ್ಲ, ಎಲ್ಲ ಗುಂಪಿಗೂ ದಾರಿ ಬಿಡಬೇಕು ಎಂದಿತ್ತು. ನನ್ನ ಸ್ನೇಹಿತರ ಮನಸ್ಸಿನಲ್ಲಿ ಕೂತದ್ದು ಅದೇ ಇರಬೇಕು. ಆ ಮಾತು ಈಗ ಇಲ್ಲ. ನಿಧಾನಸ್ಥರು ಬೇಗ ಆಡುವವರಿಗೆ ದಾರಿ ಕೊಡಬೇಕು, ಅಷ್ಟೇ. ಭಾನುವಾರದಂದು ಒಬ್ಬರನ್ನು ಬಿಡದ ಕ್ಲಬ್‌ಗಳು ಇರಬಹುದು, ಕೇಳಿ ತಿಳಿದುಕೊಳ್ಳಿ. ಮೇಲಾಗಿ ನಮ್ಮ ಮೈದಾನಗಳಲ್ಲಿ ಒಬ್ಬರೇ ಎಂದರೂ ಸಾಮಾನ್ಯವಾಗಿ ಜೊತೆಯಲ್ಲಿ ಕ್ಯಾಡಿ ಇರುತ್ತಾನೆ. ಹುಲ್ಲಿನ ಓಟ ನಿಮಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅವನೊಡನೆ ನಾಲ್ಕು ಮಾತಾಡಿದರೆ ಮರ್ಯಾದೆ ಹೋಗುವುದಿಲ್ಲ.

ರೇಂಜಿಗೆ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಕಲಿಸುವವರು ಒಂದು ದೋಷ ತೋರಿಸಿದ್ದರೆ ಅದನ್ನು ತಿದ್ದಿಕೊಳ್ಳಲು ಅದೇ ಸರಿಯಾದ ಜಾಗ. ಆದರೆ ಮೂವತ್ತು-ನಲವತ್ತು ಚೆಂಡಿಗೆ ನಿಲ್ಲಿಸಿ. ಪ್ರತಿ ಚೆಂಡಿಗೂ ಕ್ಲಬ್ ಬದಲಿಸಿ, ಗುರಿ ಬದಲಿಸಿ, ನಡುವೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಬನ್ನಿ. ಉಳಿದ ಹೊತ್ತನ್ನು ಸಣ್ಣ ಹೊಡೆತ ಮತ್ತು ಪಟ್ಟಿಂಗ್‌ಗೆ ಕೊಡಿ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಅವರು ದೂರ ಹೊಡೆಯುವುದರಲ್ಲಿ ಮುಂದಿದ್ದವರಲ್ಲ. ಕುಳಿಯ ಬಳಿಯ ಆಟವೇ ಅವರ ಬಲ. ಪಟ್ಟಿಂಗ್ ಕೂಡ ಬಗ್ಗಿಯೇ ಮಾಡುವಂಥದ್ದು, ಹತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ನಿಂತು ಬೆನ್ನಿಗೆ ವಿರಾಮ ಕೊಡಿ.

ಸ್ವೀಡನ್ನಿನಲ್ಲಿ ಮೂರು ಲಕ್ಷ ಗಾಲ್ಫ್ ಆಟಗಾರರನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ವಯಸ್ಸಿನ ಇತರರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಪ್ರಮಾಣ ಶೇ. 40ರಷ್ಟು ಕಡಿಮೆಯಿತ್ತು. ಆಟವೇ ಆಯುಸ್ಸು ಹೆಚ್ಚಿಸಿತೆಂದು ಇದರಿಂದ ಸಾಬೀತಾಗುವುದಿಲ್ಲ, ಆರೋಗ್ಯವಾಗಿರುವವರು ತಾನೇ ಆಡಲು ಬರುವುದು? ಆದರೂ ವಯಸ್ಸಾದ ಮೇಲೆ ವಾರಕ್ಕೆ ಹಲವು ಗಂಟೆ ಹಸಿರಿನಲ್ಲಿ ನಡೆಸುವ ಆಟ ಇನ್ನೊಂದು ನನಗೆ ಹೊಳೆಯುತ್ತಿಲ್ಲ.

ಒಂಟಿತನಕ್ಕೆ ಅಪಾಯವೂ ಇದೆ. ಎಷ್ಟು ಹೊತ್ತಿಗೆ ಬರುತ್ತೀರೆಂದು ಮನೆಯಲ್ಲಿ ಹೇಳಿ ಹೋಗಿ, ಮೊಬೈಲ್ ಕಾರಿನಲ್ಲಿಡದೆ ಜೇಬಿನಲ್ಲಿಡಿ. ಹೃದ್ರೋಗಿಗಳು ವೈದ್ಯರು ಕೊಟ್ಟ ಮಾತ್ರೆಯನ್ನೂ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಗ್ಲೂಕೋಸ್, ಬಿಸ್ಕತ್ತನ್ನೂ ಇಟ್ಟುಕೊಳ್ಳಬೇಕು. ಅವು ಎಲ್ಲಿವೆಯೆಂದು ಕ್ಯಾಡಿಗೂ ತಿಳಿದಿರಲಿ. ನೀರು, ಅಗಲ ಅಂಚಿನ ಟೋಪಿ ಮರೆಯಬೇಡಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಮಳೆ ನಮಗೆ ಗೊತ್ತಿರುವುದೇ. ಗುಡುಗು ಕೇಳಿಸಿದೊಡನೆ ಆಟ ಬಿಟ್ಟು ಕಟ್ಟಡದೊಳಗೋ ಕಾರಿನೊಳಗೋ ಸೇರಿ, ಮರದಡಿ ನಿಲ್ಲಬೇಡಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ. ಕಾಲಿನಲ್ಲಿ ಜೋಮು ಹೆಚ್ಚಾದರೆ, ಪಾದ ಎತ್ತಲಾಗದಿದ್ದರೆ, ಮೂತ್ರದ ಮೇಲಿನ ಹಿಡಿತ ತಪ್ಪಿದರೆ ಅದು ಬರೀ ಸೊಂಟ ನೋವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ನನ್ನ ಸ್ನೇಹಿತರಿಗೆ ಅದೃಷ್ಟವಶಾತ್ ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ಎರಡು ತಿಂಗಳು ಫಿಸಿಯೋಥೆರಪಿ, ನಂತರ ಒಂದು ತಿಂಗಳು ಬರೀ ನಡಿಗೆ ಮತ್ತು ಪಟ್ಟಿಂಗ್. ಈಗ ಮಂಗಳವಾರ, ಗುರುವಾರ ಒಬ್ಬರೇ ಒಂಬತ್ತು ಕುಳಿ ಆಡುತ್ತಾರೆ. ಕಳೆದ ವಾರ ಫೋನ್ ಮಾಡಿದ್ದರು. ಬೆನ್ನಿನ ಸುದ್ದಿಯೇ ಎತ್ತಲಿಲ್ಲ, ಏಳನೆಯ ಕುಳಿಯ ಬಳಿ ನೀರಿಗೆ ಬಿದ್ದ ಎರಡು ಹೊಸ ಚೆಂಡುಗಳ ಬಗ್ಗೆ ಹತ್ತು ನಿಮಿಷ ಗೊಣಗಿದರು.